ಕಿಂದರಿಜೋಗಿಯ ಕೂಲಿ



ಶಾಲಾ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ಬಹುಕಾಲದಿಂದ ಆಡುತ್ತ ಬಂದಿರುವ ಗೀತನಾಟಕಗಳಲ್ಲಿ ಬೊಮ್ಮನಹಳ್ಳಿಯ ಕಿಂದರಿಜೋಗಿಯ ಕಥೆಯೂ ಒಂದು. ಮಾತು ಬಾರದ ಸಂಕೋಚದ ಮಗುವಿಗೂ ಅದರಲ್ಲಿ ಒಂದು ಇಲಿಯ ವೇಷವಿರುತ್ತದೆ. ಆದರೆ ಪರದೆ ಬಿದ್ದ ಮರುದಿನ ಬಾಲಗಳು ಪೆಟ್ಟಿಗೆ ಸೇರುತ್ತವೆ. ನಾಟಕ ಬೇರೆ, ಪಾಠ ಬೇರೆ ಎಂಬಂತಾಗುತ್ತದೆ. ಹಾಗಾಗಬೇಕಿಲ್ಲ. ಅನೇಕ ದಿನಗಳ ಪಾಠ ಆ ನಾಟಕದೊಳಗೇ ಅಡಗಿದೆ.

ಮೊದಲನೆಯದು ಕಥೆಯ ಪಯಣ. ಜರ್ಮನಿಯ ಹ್ಯಾಮೆಲಿನ್ ಪಟ್ಟಣದಲ್ಲಿ 1284ರ ಜೂನ್ 26ರಂದು 130 ಮಕ್ಕಳು ಕಾಣೆಯಾದರೆಂಬ ಐತಿಹ್ಯವಿದೆ. ಗ್ರಿಮ್ ಸೋದರರು 1816ರಲ್ಲಿ ಅದನ್ನು ತಮ್ಮ ಐತಿಹ್ಯಗಳ ಸಂಗ್ರಹಕ್ಕೆ ಸೇರಿಸಿದರು. 1842ರಲ್ಲಿ ರಾಬರ್ಟ್ ಬ್ರೌನಿಂಗ್ ಅದನ್ನು ಇಂಗ್ಲಿಷಿನಲ್ಲಿ ಕವಿತೆಯಾಗಿಸಿದನು. ಮಲೆನಾಡಿನ ಕುವೆಂಪು ಅದನ್ನು ಕನ್ನಡಕ್ಕೆ ತಂದಾಗ ವೇಸರ್ ನದಿ ತುಂಗೆಯಾಯಿತು, ಕೊಳಲು ಕಿಂದರಿಯಾಯಿತು, ನಗರಾಧ್ಯಕ್ಷ ಊರಗೌಡನಾದನು. ಭೂಪಟವನ್ನು ಬಿಡಿಸಿಟ್ಟು ಈ ದಾರಿಯನ್ನು ಗುರುತಿಸಿದರೆ ಭೂಗೋಳವೂ ಚರಿತ್ರೆಯೂ ಒಟ್ಟಿಗೆ ಕಣ್ಣೆದುರು ನಿಲ್ಲುತ್ತವೆ.

ಎರಡನೆಯದು ಲೆಕ್ಕ. ಇಲಿಯ ಗರ್ಭಾವಧಿ ಸುಮಾರು ಮೂರು ವಾರ. ಒಂದು ಜೋಡಿ ಒಂದೇ ಸೂಲಿನಲ್ಲಿ 6 ಮರಿಗಳನ್ನು ಹಾಕಿ, ಎಲ್ಲವೂ ಬದುಕಿ ಮೂರು ಜೋಡಿಗಳಾದವೆಂದು ಇಟ್ಟುಕೊಳ್ಳೋಣ. ಹೀಗೆಯೇ ಸಾಗಿದರೆ ಐದನೆಯ ತಲೆಮಾರಿನಲ್ಲಿ 243 ಜೋಡಿಗಳಾಗುತ್ತವೆ. ಹಾಗಿದ್ದರೂ ಊರೆಲ್ಲ ಇಲಿಗಳಿಂದ ತುಂಬಿಹೋಗದಿರುವುದು ಏಕೆ? ಈ ಪ್ರಶ್ನೆ ಮಕ್ಕಳ ಬಾಯಿಂದಲೇ ಬರಬೇಕು.

ಮೂರನೆಯ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ. ಕಥೆಯಲ್ಲಿ ಇಲಿಗಳು ಹೊಳೆಯಲ್ಲಿ ಮುಳುಗಿ ಸಾಯುತ್ತವೆ. ನಿಜವಾದ ಇಲಿ ಚೆನ್ನಾಗಿ ಈಜಬಲ್ಲದು. ಗದ್ದೆ ತೋಟಗಳಲ್ಲಿ ಅದನ್ನು ಹದ್ದುಬಸ್ತಿನಲ್ಲಿಡುವವರಲ್ಲಿ ಕೇರೆಹಾವು, ಕಣಜಗೂಬೆ, ಮುಂಗುಸಿಗಳು ಮುಖ್ಯರು. ಕಿಂದರಿಯಿಲ್ಲದ ಈ ಜೋಗಿಗಳು ಹಣ ಕೇಳುವುದಿಲ್ಲ. ಒಂದು ಬೇಲಿಸಾಲು, ಒಂದು ಪೊಟರೆ, ಒಂದು ಹುತ್ತ ಉಳಿದಿದ್ದರೆ ಸಾಕು. ಅದೇ ಅವುಗಳ ಕೂಲಿ.

ಆ ಕೂಲಿ ಸಲ್ಲುತ್ತಿದೆಯೇ? ಕೇರೆಹಾವು ಕಂಡೊಡನೆ ದೊಣ್ಣೆ ಹುಡುಕುವವರಿದ್ದಾರೆ. ಗೂಬೆಯ ದನಿ ಅಪಶಕುನವೆಂದು ಅದನ್ನು ಓಡಿಸುವವರಿದ್ದಾರೆ. ಪೊಟರೆಯುಳ್ಳ ಹಳೆಯ ಮರ ಸೌದೆಯಾಗುತ್ತದೆ. ಬ್ರೋಮಾಡಿಯೋಲೋನ್‌ನಂತಹ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ನಿಧಾನವಾಗಿ ತೂರಾಡುವ ಆ ಇಲಿಯನ್ನು ಹಿಡಿದ ಗೂಬೆಯೂ ವಿಷಕ್ಕೆ ಬಲಿಯಾಗಬಹುದು. ಕೆಲಸ ಮಾಡಿಸಿಕೊಂಡು ಕೊಟ್ಟ ಮಾತಿಗೆ ತಪ್ಪಿದ ಗೌಡನಿಗೂ ಇಂತಹ ರೈತನಿಗೂ ಅಂತರ ಎಷ್ಟು? ಕಥೆಯಲ್ಲಿ ಸಾಲ ಮಾಡಿದವರು ಹಿರಿಯರು, ತೆತ್ತವರು ಮಕ್ಕಳು.

ಆದುದರಿಂದ ಶಿಕ್ಷಕರಲ್ಲಿ ಒಂದು ವಿನಂತಿ. ಮುಂದಿನ ಬಾರಿ ಈ ನಾಟಕವನ್ನು ಆಡಿಸಿದಾಗ, ಮರುದಿನ ತರಗತಿಯಲ್ಲಿ ಇನ್ನೊಂದು ದೃಶ್ಯವನ್ನು ಮಕ್ಕಳೇ ಕಟ್ಟಲಿ: ಗ್ರಾಮಸಭೆ ಸೇರಿದೆ, ಕೇರೆಹಾವು ಮತ್ತು ಗೂಬೆ ತಮ್ಮ ಕೂಲಿ ಕೇಳಲು ಬಂದಿವೆ. ವಾದ ಪ್ರತಿವಾದಗಳನ್ನು ಮಕ್ಕಳೇ ಬರೆಯಲಿ, ತೀರ್ಪನ್ನೂ ಅವರೇ ನೀಡಲಿ. ಅನಂತರ ಊರಿನಲ್ಲಿ ಎಷ್ಟು ಪೊಟರೆಯ ಮರಗಳು, ಎಷ್ಟು ಹುತ್ತಗಳು ಉಳಿದಿವೆಯೆಂದು ದೂರದಿಂದಲೇ ನೋಡಿ ಎಣಿಸಿ, ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸಲಿ. ಹಿರಿಯರು ಬಂದು ಅದನ್ನು ಓದಲಿ.