ಎದೆ ಡವಗುಟ್ಟಿದಾಗ



ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಮೈಸೂರಿನವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. 17ನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಈ ಮೆಟ್ಟಿಲುಗಳು ಸಾವಿರದ ಎಂಟು ಎಂದು ಹೇಳುವುದು ವಾಡಿಕೆ. ಮುಕ್ಕಾಲು ಪಾಲು ದಾರಿ ಸವೆಸಿ ದೊಡ್ಡ ನಂದಿಯ ಬಳಿ ನಿಲ್ಲುವ ಹೊತ್ತಿಗೆ ಹದಿನೆಂಟು ವರ್ಷದ ಹುಡುಗನ ಎದೆಯೂ ತಮಟೆಯಂತೆ ಬಡಿದುಕೊಳ್ಳುತ್ತಿರುತ್ತದೆ. ನಾಡಿ ಹಿಡಿದು ಎಣಿಸಿದರೆ ನಿಮಿಷಕ್ಕೆ 150 ದಾಟಿರುವುದೂ ಉಂಟು. ಆದರೂ ಅಲ್ಲಿ ಯಾರೂ ಗಾಬರಿಯಾಗುವುದಿಲ್ಲ. ನಂದಿಗೆ ಕೈಮುಗಿದು, ನೀರು ಕುಡಿದು, ಮತ್ತೆ ಹತ್ತುತ್ತಾರೆ.

ಅದೇ ಹುಡುಗ ರಾತ್ರಿ ಹಾಸ್ಟೆಲಿನ ಕೋಣೆಯಲ್ಲಿ ಎಡಮಗ್ಗುಲಿಗೆ ಮಲಗಿದ್ದಾನೆನ್ನಿ. ನಾಳೆ ಪರೀಕ್ಷೆ. ದಿಂಬಿನೊಳಗಿಂದಲೇ ಬಂದಂತೆ ಎದೆಬಡಿತ ಕೇಳಿಸತೊಡಗುತ್ತದೆ. ನಾಡಿ 110. ಥಟ್ಟನೆ ಎದ್ದು ಕೂರುತ್ತಾನೆ. ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ‘ನನಗೆ ಹಾರ್ಟ್ ಅಟ್ಯಾಕ್ ಆಗುತ್ತಿದೆ’ ಎಂದು ತೀರ್ಮಾನಿಸಿಬಿಡುತ್ತಾನೆ. ಬೆಳಿಗ್ಗೆ 150ಕ್ಕೆ ಹೆದರದವನು ರಾತ್ರಿ 110ಕ್ಕೆ ಏಕೆ ಹೆದರಿದ?

ಬೆಟ್ಟದ ಮೇಲೆ ಬಡಿತಕ್ಕೆ ಕಾರಣ ಕಣ್ಣೆದುರಿಗಿತ್ತು, ಹಾಸಿಗೆಯಲ್ಲಿ ಕಾರಣ ಕಾಣಲಿಲ್ಲ. ಕಾಣದ ಕಾರಣದ ಜಾಗದಲ್ಲಿ ಮನಸ್ಸು ತನಗೆ ತೋಚಿದ್ದನ್ನು ತಂದು ಕೂರಿಸುತ್ತದೆ. ಅದು ಬಹುಮಟ್ಟಿಗೆ ಇತ್ತೀಚೆಗೆ ಕೇಳಿದ ಕೆಟ್ಟ ಸುದ್ದಿಯೇ ಆಗಿರುತ್ತದೆ.

2025ರ ಆಷಾಢ ಮಾಸವನ್ನು ನೆನಪಿಸಿಕೊಳ್ಳಿ. ಆಷಾಢ ಶುಕ್ರವಾರಗಳಲ್ಲಿ ಬೆಟ್ಟಕ್ಕೆ ಜನಸಾಗರ ಹರಿದುಬರುತ್ತಿದ್ದ ಆ ದಿನಗಳಲ್ಲೇ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆಯೂ ಜನ ಬೆಳಿಗ್ಗೆಯಿಂದಲೇ ಸಾಲುಗಟ್ಟಿದ್ದರು. ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಕೆಲವರು ಎಳೆಯ ವಯಸ್ಸಿನವರು, ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಮನೆಮನೆ ತಲುಪಿತ್ತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ನಿಧನರಾದ ನಂತರವೂ ಹೀಗೆಯೇ ಆಗಿತ್ತು. ಗಾಬರಿ ಬೇಡವೆಂದು ಆಸ್ಪತ್ರೆಯ ವೈದ್ಯರೇ ಮನವಿ ಮಾಡಿಕೊಳ್ಳಬೇಕಾಯಿತು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ, ಹಾಸನದಲ್ಲಿ ಇಂಥ ಸಾವುಗಳು ಅಸಾಮಾನ್ಯವಾಗಿ ಏರಿಲ್ಲವೆಂದು 2025ರ ಜುಲೈನಲ್ಲಿ ವರದಿ ನೀಡಿತು. ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದ ಹಳೆಯ ಶತ್ರುಗಳನ್ನೇ ಅದು ಮತ್ತೆ ಬೊಟ್ಟುಮಾಡಿ ತೋರಿಸಿತು. ಆದರೆ ಸಾವಿನ ಸುದ್ದಿ ಓಡಿದ ವೇಗದಲ್ಲಿ ವರದಿಯ ಸುದ್ದಿ ಓಡಲಿಲ್ಲ!

ಸಾಲಿನಲ್ಲಿ ನಿಂತವರನ್ನು ನಕ್ಕು ಹಗುರ ಮಾಡುವುದು ಸರಿಯಲ್ಲ. ಅವರ ಎದೆ ನಿಜವಾಗಿಯೂ ಬಡಿದುಕೊಳ್ಳುತ್ತಿತ್ತು. ಅದು ಹೇಗೆಂದು ನೋಡೋಣ.

ಹೃದಯದ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಕೆಲವು ವಿಶೇಷ ಜೀವಕೋಶಗಳ ಒಂದು ಪುಟ್ಟ ಗುಂಪು ಇದೆ. ಬಡಿತಕ್ಕೆ ತಾಳ ಹಾಕುವುದು ಇದೇ. ಅದನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಬಾರಿ ತಾಳ ಹಾಕುತ್ತದೆ. ಮಿದುಳಿನಿಂದ ಇಳಿದು ಬರುವ ವೇಗಸ್ ಎಂಬ ನರ ಕಡಿವಾಣ ಹಿಡಿದಿರುವುದರಿಂದಲೇ ವಿಶ್ರಾಂತಿಯಲ್ಲಿ ಬಡಿತ 70ರ ಆಸುಪಾಸಿನಲ್ಲಿರುತ್ತದೆ. ದಿಗಿಲಾದಾಗ ಕಡಿವಾಣ ಸಡಿಲವಾಗುತ್ತದೆ, ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಹುಲಿಯೆದುರು ಓಡುವುದಕ್ಕೆ ಬೇಕಾದ ಈ ಸಿದ್ಧತೆಯನ್ನು ಶರೀರ ಪ್ರಶ್ನೆಪತ್ರಿಕೆಯೆದುರಿಗೂ ಮಾಡಿಕೊಳ್ಳುತ್ತದೆ. ಬಡಿತ ಏರುತ್ತದೆ, ಏರಿದ್ದನ್ನು ಗಮನಿಸಿ ಮನಸ್ಸು ಹೆದರುತ್ತದೆ, ಹೆದರಿಕೆಯಿಂದ ಮತ್ತಷ್ಟು ಅಡ್ರಿನಲಿನ್. ಗಾಣದ ಎತ್ತಿನಂತೆ ಸುತ್ತು ಮುಂದುವರಿಯುತ್ತದೆ. ತೀವ್ರವಾದ ದಿಗಿಲು ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ತುದಿ ಮುಟ್ಟಿ, ನಂತರ ತಾನಾಗಿ ಇಳಿಯುತ್ತದೆ. ಆ ಹತ್ತು ನಿಮಿಷ ಅನುಭವಿಸುವವನಿಗೆ ಒಂದು ಯುಗ.

ಇನ್ನು ಕೆಲವರು, ‘ಎದೆ ಒಂದು ಕ್ಷಣ ನಿಂತೇ ಹೋಯಿತು, ಆಮೇಲೆ ಗುದ್ದಿದಂತಾಯಿತು’ ಎನ್ನುತ್ತಾರೆ. ಅವಧಿಗೆ ಮುಂಚೆ ಒಂದು ಬಡಿತ ಬಂದುಬಿಟ್ಟಾಗ ಹೃದಯ ಸ್ವಲ್ಪ ಬಿಡುವು ತೆಗೆದುಕೊಳ್ಳುತ್ತದೆ. ಆ ಬಿಡುವಿನಲ್ಲಿ ಹೆಚ್ಚು ರಕ್ತ ತುಂಬಿಕೊಳ್ಳುವುದರಿಂದ ಮುಂದಿನ ಬಡಿತ ಜೋರಾಗಿರುತ್ತದೆ. ಆರೋಗ್ಯವಂತರಲ್ಲೂ ಇದು ಆಗಾಗ ಕಂಡುಬರುತ್ತದೆ. ನಿದ್ದೆಗೆಟ್ಟು ಓದುವುದು, ಮೇಲಿಂದ ಮೇಲೆ ಕಾಫಿ, ಸಿಗರೇಟು, ಈಗಿನ ಡಬ್ಬಿ ಪಾನೀಯಗಳು ಇದನ್ನು ಹೆಚ್ಚಿಸಬಲ್ಲವು.

ಇಷ್ಟು ಕೇಳಿ ‘ಹಾಗಾದರೆ ಎಲ್ಲವೂ ಮನಸ್ಸಿನದೇ’ ಎಂದುಕೊಳ್ಳಬೇಡಿ. ರಕ್ತಹೀನತೆಯಲ್ಲಿ ಎದೆ ಬಡಿದುಕೊಳ್ಳುತ್ತದೆ. ನಮ್ಮ ಕಾಲೇಜು ಹುಡುಗಿಯರಲ್ಲಿ ಇದು ಬಹಳ ಸಾಮಾನ್ಯ, ಅಷ್ಟೇ ಅಲಕ್ಷಿತ. ಥೈರಾಯಿಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದಾಗಲೂ ಹೀಗೆಯೇ. ಇವೆರಡೂ ಸಾಧಾರಣ ರಕ್ತಪರೀಕ್ಷೆಯಲ್ಲಿ ತಿಳಿಯುತ್ತವೆ. ಇದಲ್ಲದೆ, ಹೃದಯದ ವಿದ್ಯುತ್ ಮಾರ್ಗದಲ್ಲೇ ಹುಟ್ಟಿನಿಂದ ಒಂದು ಅಡ್ಡದಾರಿ ಇರುವವರೂ ಇದ್ದಾರೆ. ಇವರಲ್ಲಿ ಬಡಿತ ಸ್ವಿಚ್ ಒತ್ತಿದಂತೆ ಒಮ್ಮೆಲೇ 150ರಿಂದ 200ಕ್ಕೆ ಜಿಗಿದು, ಹಾಗೆಯೇ ಒಮ್ಮೆಲೇ ನಿಂತುಬಿಡುತ್ತದೆ. ದಿಗಿಲಿನ ಬಡಿತವಾದರೋ ಮೆಟ್ಟಿಲು ಹತ್ತಿ ಇಳಿದಂತೆ ಕ್ರಮೇಣ ಏರಿ ಕ್ರಮೇಣ ಇಳಿಯುತ್ತದೆ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ 107 ರೋಗಿಗಳನ್ನು ಪರಿಶೀಲಿಸಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿಯ ಲಕ್ಷಣಗಳು ದಿಗಿಲು ಕಾಯಿಲೆಯ ಪಟ್ಟಿಗೆ ಸರಿಯಾಗಿ ಹೊಂದುತ್ತಿದ್ದವು! ಅನೇಕರಿಗೆ, ಅದರಲ್ಲೂ ಹೆಂಗಸರಿಗೆ, ‘ನಿಮಗೆ ಬರೀ ಟೆನ್ಷನ್’ ಎಂದು ಹೇಳಿ ಕಳುಹಿಸಲಾಗಿತ್ತು. ನಮ್ಮಲ್ಲಿಯೂ ಈ ಮಾತು ತೀರಾ ಅಗ್ಗವಾಗಿದೆ ಎಂಬುದು ನನ್ನ ಅಭಿಪ್ರಾಯ. ಆತಂಕವೆಂಬ ನಿರ್ಣಯ ಪರೀಕ್ಷೆಯ ಕೊನೆಗೆ ಬರಬೇಕೇ ಹೊರತು ಬಾಗಿಲಲ್ಲಿ ಅಲ್ಲ. ಮೇಲೆ ಹೇಳಿದ ಅಡ್ಡದಾರಿಯನ್ನು ಈಗ ತೆಳುವಾದ ಕೊಳವೆಯ ಮೂಲಕ ಸುಟ್ಟು ಮುಚ್ಚಬಹುದು, ಎದೆ ಸೀಳಬೇಕಾಗಿಲ್ಲ.

ಕೆಲವು ಸಂದರ್ಭಗಳಲ್ಲಿ ತಡಮಾಡಲೇಬಾರದು. ಬಡಿತದ ಜೊತೆಗೆ ಪ್ರಜ್ಞೆ ತಪ್ಪಿದರೆ, ಓಡುವಾಗ ಅಥವಾ ಆಡುವಾಗಲೇ ಕಣ್ಣು ಕತ್ತಲಿಟ್ಟು ಬಿದ್ದರೆ, ಎದೆನೋವು ಇಲ್ಲವೆ ವಿಪರೀತ ಉಬ್ಬಸ ಕಂಡರೆ 108ಕ್ಕೆ ಕರೆ ಮಾಡಿ. ಮನೆತನದಲ್ಲಿ ಯಾರಾದರೂ ನಲವತ್ತರೊಳಗೆ ಹಠಾತ್ತಾಗಿ ತೀರಿಕೊಂಡಿದ್ದರೆ ವೈದ್ಯರಿಗೆ ಆ ವಿಷಯವನ್ನು ತಪ್ಪದೆ ಹೇಳಿ. ಅವರು ಕೇಳಲಿಲ್ಲವೆಂದು ಬಿಡಬೇಡಿ.

ಇ.ಸಿ.ಜಿ. ಕೆಲವೇ ಸೆಕೆಂಡುಗಳ ಚಿತ್ರ. ಆ ಹೊತ್ತಿಗೆ ಬಡಿತ ಶಾಂತವಾಗಿದ್ದರೆ ತೊಂದರೆ ಅದರಲ್ಲಿ ಮೂಡದಿರಬಹುದು. ಆಗ ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್ ಯಂತ್ರವನ್ನು ಕಟ್ಟುತ್ತಾರೆ. ನೀವು ಬರೆದಿಟ್ಟ ಟಿಪ್ಪಣಿಯೂ ವೈದ್ಯರಿಗೆ ಬಹಳ ನೆರವಾಗುತ್ತದೆ: ಎಷ್ಟು ಹೊತ್ತಿಗೆ ಶುರುವಾಯಿತು, ಥಟ್ಟನೆಯೋ ನಿಧಾನವಾಗಿಯೋ, ಎಷ್ಟು ನಿಮಿಷ ಇತ್ತು, ಲಯಬದ್ಧವಾಗಿತ್ತೇ, ಅದಕ್ಕೆ ಮೊದಲು ಏನು ಮಾಡುತ್ತಿದ್ದಿರಿ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಎರಡು ಬೆರಳಿಟ್ಟು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಒಮ್ಮೆ ಎಣಿಸಿದರೆ ಸಾಕು. ಕೈಗಡಿಯಾರವೇ ನಾಡಿ ಹೇಳುವ ಈ ಕಾಲದಲ್ಲಿ ಐದೈದು ನಿಮಿಷಕ್ಕೆ ಅದನ್ನು ನೋಡುತ್ತ ಕೂತರೆ ನೋಡುವುದೇ ಬಡಿತಕ್ಕೆ ಕಾರಣವಾದೀತು.

ಪರೀಕ್ಷೆಗಳೆಲ್ಲ ಸರಿಯಾಗಿದ್ದು, ಆತಂಕವೇ ಕಾರಣವೆಂದು ಗೊತ್ತಾದರೆ? ‘ಯೋಚನೆ ಮಾಡಬೇಡ ಕಣಪ್ಪ’ ಎಂದು ಮನೆಯವರು ಪ್ರೀತಿಯಿಂದ ಹೇಳುತ್ತಾರೆ. ಬೇಡವೆಂದ ಮಾತ್ರಕ್ಕೆ ಯೋಚನೆ ನಿಲ್ಲುವುದಿಲ್ಲ. ಉಸಿರನ್ನು ನಿಧಾನವಾಗಿ ಒಳಗೆಳೆದು, ಅದಕ್ಕಿಂತಲೂ ನಿಧಾನವಾಗಿ ಹೊರಬಿಟ್ಟು ನೋಡಿ. ಉಸಿರು ಹೊರಹೋಗುವಾಗ ವೇಗಸ್ ನರದ ಹಿಡಿತ ಬಿಗಿಯಾಗಿ ಬಡಿತ ತುಸು ಇಳಿಯುತ್ತದೆ. ವೈದ್ಯರು ಅಡ್ಡಿಯಿಲ್ಲವೆಂದ ಮೇಲೆ ಬೆಟ್ಟ ಹತ್ತುವುದನ್ನೂ ಬಿಡಬೇಡಿ. ಎಷ್ಟೋ ಹುಡುಗರು ಬಡಿತಕ್ಕೆ ಹೆದರಿ ಆಟ ಬಿಡುತ್ತಾರೆ, ಆಟ ಬಿಟ್ಟ ಮೇಲೆ ಎರಡು ಮಹಡಿ ಹತ್ತಿದರೂ ಎದೆ ಡವಗುಟ್ಟುತ್ತದೆ, ಹೆದರಿಕೆ ಇಮ್ಮಡಿಯಾಗುತ್ತದೆ. ನಂದಿಯ ಬಳಿ ನಿಂತು ನಾಡಿ ಎಣಿಸಿ, ಎರಡು ನಿಮಿಷ ಕುಳಿತು ಮತ್ತೊಮ್ಮೆ ಎಣಿಸಿ. ಅಂಕಿ ಇಳಿದಿರುವುದನ್ನು ನಿಮ್ಮ ಬೆರಳೇ ನಿಮಗೆ ಹೇಳುತ್ತದೆ.

ದಿಗಿಲು ಪದೇ ಪದೇ ಬಂದು ಓದು, ನಿದ್ದೆ ಕೆಡುತ್ತಿದ್ದರೆ ಮನೋವೈದ್ಯರಲ್ಲಿ ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಮನೆಯಲ್ಲಿ ಹೇಳಿಕೊಳ್ಳಲು ಸಂಕೋಚವಾದರೆ 14416ಕ್ಕೆ ಕರೆ ಮಾಡಬಹುದು. ಇದು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿಮನಸ್ ಸೇವೆ. ಹಗಲು ರಾತ್ರಿಯೆನ್ನದೆ ಇದೆ, ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.