ಸಂಘದ ಹಳೆಯ ಕಂಪ್ಯೂಟರ್‌ನ ಆರೋಗ್ಯ: ಸದಸ್ಯರು ತಿಳಿದಿರಬೇಕಾದ ಸಂಗತಿಗಳು

(ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರು ಹಾಗೂ ಕಾರ್ಯದರ್ಶಿಗಳ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ)



ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಹಸಿರು ಮೇವು ಎಂದು ಮಾತನಾಡಬೇಕಾದ ದನದ ಡಾಕ್ಟರು ಇಂದು ಕಂಪ್ಯೂಟರ್ ವಿಷಯ ಎತ್ತಿಕೊಂಡಿದ್ದಾರಲ್ಲ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನೀವು ಕಷ್ಟಪಟ್ಟು ಕರೆದು ತಂದ ಹಾಲಿನ ತೂಕ, ಜಿಡ್ಡು, ಎಸ್‌ಎನ್‌ಎಫ್ ಮತ್ತು ದರ ಇವೆಲ್ಲ ಸೇರಿ ಹಣವಾಗುವುದು ಸಂಘದ ಮೂಲೆಯಲ್ಲಿರುವ ಆ ಯಂತ್ರದಲ್ಲಿ. ಅದು ಕೆಟ್ಟ ದಿನ ನಿಮ್ಮ ಬಟವಾಡೆಯೂ ಕೆಡುತ್ತದೆ. ಆದ್ದರಿಂದ ಹಸುವಿನಷ್ಟೇ ಇದರ ಆರೋಗ್ಯವೂ ನಿಮಗೆ ಸಂಬಂಧಪಟ್ಟದ್ದು.

ಕೆಲವು ಸಂಘಗಳಲ್ಲಿ ಇಂದಿಗೂ ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7 ಇರುವ ಕಂಪ್ಯೂಟರ್‌ಗಳು ಕೆಲಸ ಮಾಡುತ್ತಿವೆ. ಎಕ್ಸ್‌ಪಿ ಬಂದದ್ದು 2001ರಲ್ಲಿ. ಅದನ್ನು ತಯಾರಿಸಿದ ಮೈಕ್ರೋಸಾಫ್ಟ್ ಸಂಸ್ಥೆ 2014ರ ಏಪ್ರಿಲ್ 8ರಂದು ಅದಕ್ಕೆ ಭದ್ರತಾ ದುರಸ್ತಿ ಕೊಡುವುದನ್ನು ನಿಲ್ಲಿಸಿತು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ಹಾಗೆಂದು ಅವು ಮರುದಿನವೇ ನಿಂತುಹೋಗುವುದಿಲ್ಲ. ಲಸಿಕೆ ನಿಂತ ಹಸುವಿನಂತೆ ನೋಡಲು ಚೆನ್ನಾಗಿಯೇ ಇರುತ್ತವೆ. ರೋಗ ಬಂದಾಗ ಮಾತ್ರ ತಡೆಯುವ ಶಕ್ತಿ ಇರುವುದಿಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ

ಹಸು ಮೇವು ಬಿಟ್ಟಿದೆ ಎಂದು ಕರೆದರೆ ನಾವು ಮೊದಲು ಸೂಜಿ ತೆಗೆಯುವುದಿಲ್ಲ. ಯಾವಾಗಿನಿಂದ, ಮೇವು ಬದಲಾಯಿಸಿದಿರಾ, ಹೊಸ ದನ ತಂದಿರಾ ಎಂದು ವಿಚಾರಿಸುತ್ತೇವೆ. ಕಂಪ್ಯೂಟರ್‌ಗೂ ಅದೇ ಕ್ರಮ. ಕೊನೆಯ ಸಲ ಸರಿಯಾಗಿ ನಡೆದ ಮೇಲೆ ಏನು ಬದಲಾಯಿತು? ಕಸ ಗುಡಿಸುವಾಗ ತಂತಿ ಎಳೆಯಿತೇ? ರಾತ್ರಿ ಸಿಡಿಲು ಬಂದಿತ್ತೇ? ಯಾರಾದರೂ ಹೊಸ ಪೆನ್‌ಡ್ರೈವ್ ಹಾಕಿದರೇ? ಉತ್ತರದಲ್ಲೇ ಅನೇಕ ಸಲ ಮದ್ದು ಇರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ಪುಸ್ತಕದಲ್ಲಿ ಬರೆದಿಡಿ. ನಾಲ್ಕು ಔಷಧ ಒಟ್ಟಿಗೆ ಕೊಟ್ಟರೆ ಯಾವುದು ನಾಟಿತೆಂದು ತಿಳಿಯುವುದಿಲ್ಲ.

ದಿನಾಂಕ ಹಿಂದಕ್ಕೆ ಹೋದರೆ

ಕಂಪ್ಯೂಟರ್ ಆರಿಸಿ ಹಚ್ಚಿದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತಿದ್ದರೆ, ಒಳಗಿರುವ ಸಿಆರ್ 2032 ಎಂಬ ಬಿಲ್ಲೆ ಬ್ಯಾಟರಿ ಮುಗಿದಿದೆ ಎಂದು ಶಂಕಿಸಿ. 20 ಮಿಲಿಮೀಟರ್ ಅಗಲದ, 3 ವೋಲ್ಟಿನ ಈ ಚಿಕ್ಕ ವಸ್ತುವಿನಿಂದ ದೊಡ್ಡ ನಷ್ಟವಾಗಬಹುದು. ಇಂದಿನ ಹಾಲು ಹಳೆಯ ದಿನಾಂಕಕ್ಕೆ ಜಮೆಯಾದರೆ ಈ ವಾರದ ಬಟವಾಡೆಯಲ್ಲಿ ಅದು ಕಾಣಿಸದೇ ಹೋಗಬಹುದು. ದಿನಾಂಕ ತಪ್ಪಿದ್ದರೆ ಬ್ಯಾಂಕಿನಂಥ ಸುರಕ್ಷಿತ ತಾಣಗಳೂ ತೆರೆಯುವುದಿಲ್ಲ. ಆದ್ದರಿಂದ ಚೀಟಿ ಕೈಗೆ ಬಂದೊಡನೆ ಮೊದಲು ದಿನಾಂಕ ಮತ್ತು ವೇಳೆ, ಅನಂತರ ಲೀಟರ್ ಮತ್ತು ಜಿಡ್ಡು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಯಂತ್ರದ ಅಂಕಿ ಪರದೆಗೆ ಬಾರದಿದ್ದರೆ

ಹಾಲು ಪರೀಕ್ಷಾ ಯಂತ್ರ ಮತ್ತು ತೂಕದ ಯಂತ್ರ ಸಾಮಾನ್ಯವಾಗಿ ಸೀರಿಯಲ್ ತಂತಿಯ ಮೂಲಕ ಕಂಪ್ಯೂಟರ್‌ಗೆ ಅಂಕಿ ಕಳುಹಿಸುತ್ತವೆ. ಇಲ್ಲಿ ಎರಡು ಲಕ್ಷಣಗಳನ್ನು ಬೇರೆಬೇರೆಯಾಗಿ ಗುರುತಿಸಿ. ಪರದೆಯ ಮೇಲೆ ಏನೂ ಬಾರದಿದ್ದರೆ ತಂತಿ ಸಡಿಲವಾಗಿದೆ, ಇಲ್ಲವೇ ಕಾಮ್ ಪೋರ್ಟ್ ಸಂಖ್ಯೆ ತಪ್ಪಿದೆ. ಅರ್ಥವಿಲ್ಲದ ಅಕ್ಷರಗಳು ಬಂದರೆ ತಂತಿ ಹೆಚ್ಚಾಗಿ ಸರಿಯಾಗಿಯೇ ಇದೆ, ವೇಗ ಹೊಂದಿಲ್ಲ. ಯಂತ್ರದಲ್ಲಿ 9600 ಎಂದಿದ್ದರೆ ತಂತ್ರಾಂಶದಲ್ಲಿಯೂ 9600 ಎಂದೇ ಇರಬೇಕು.

ಯುಎಸ್‌ಬಿ ಪರಿವರ್ತಕ ಬಳಸುವ ಕಡೆ ಇನ್ನೊಂದು ತೊಡಕಿದೆ. ಅದನ್ನು ಒಂದು ತೂತಿನಿಂದ ತೆಗೆದು ಪಕ್ಕದ ತೂತಿಗೆ ಹಾಕಿದರೆ ಕಾಮ್ ಸಂಖ್ಯೆ 3 ಇದ್ದದ್ದು 5 ಆಗಿಬಿಡಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಈ ಸಂಖ್ಯೆ ಕಾಣುತ್ತದೆ. ಸರಿಯಾದ ತೂತಿಗೆ ಒಂದು ಚುಕ್ಕೆ ಬಣ್ಣ ಹಚ್ಚಿಡಿ. ಕಾಸಿಲ್ಲದ ಔಷಧ ಇದು.

ಸಂಪರ್ಕ ಕಡಿದರೆ

ಇಂಟರ್‌ನೆಟ್ ಇಲ್ಲ ಎಂದೊಡನೆ ದೂರವಾಣಿ ಕಚೇರಿಯನ್ನು ಬೈಯುವ ಮೊದಲು ಹತ್ತಿರದಿಂದ ದೂರಕ್ಕೆ ಹೋಗಿ ಪರೀಕ್ಷಿಸಿ. ತಂತಿ ಸೇರುವಲ್ಲಿ ಚಿಕ್ಕ ದೀಪ ಉರಿಯುತ್ತಿದೆಯೇ ನೋಡಿ. ಅನಂತರ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ ಆಜ್ಞೆ ಕೊಡಿ. ವಿಳಾಸ 169.254 ಎಂದು ಆರಂಭವಾಗಿದ್ದರೆ ಕಂಪ್ಯೂಟರ್‌ಗೆ ರೂಟರ್ ವಿಳಾಸ ಕೊಟ್ಟಿಲ್ಲ, ಅದು ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ರೂಟರ್ ಆರಿಸಿ ಹಚ್ಚಿ, ತಂತಿ ಬದಲಿಸಿ ನೋಡಿ.

ವಿಳಾಸ ಸರಿಯಿದ್ದರೆ ಪಿಂಗ್ ಆಜ್ಞೆಯಿಂದ ಮೊದಲು ರೂಟರನ್ನು, ಅಂದರೆ ಡೀಫಾಲ್ಟ್ ಗೇಟ್‌ವೇ ಎಂದು ತೋರಿಸಿದ ಸಂಖ್ಯೆಯನ್ನು ಕರೆಯಿರಿ. ಉತ್ತರ ಬಂದರೆ ಸಂಘದ ಒಳಗಿನ ದಾರಿ ಸರಿಯಾಗಿದೆ. ಅನಂತರ 8.8.8.8 ಎಂಬ ಹೊರಗಿನ ವಿಳಾಸವನ್ನು ಕರೆಯಿರಿ. ಸಂಖ್ಯೆಗೆ ಉತ್ತರ ಬಂದು ಹೆಸರಿನ ತಾಣ ಮಾತ್ರ ಸಿಗದಿದ್ದರೆ ದೋಷ ಡಿಎನ್‌ಎಸ್‌ನಲ್ಲಿ. ಎರಡು ಕಂಪ್ಯೂಟರ್‌ಗಳಿಗೆ ಕೈಯಿಂದ ಒಂದೇ ವಿಳಾಸ ಕೊಟ್ಟಿದ್ದರೂ ಜಗಳ ಬರುತ್ತದೆ. ಎರಡು ದನಕ್ಕೆ ಒಂದೇ ಕಿವಿಯೋಲೆ ಹಾಕಿದಂತೆ.

ಎಕ್ಸ್‌ಪಿಯ ಹಳೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಇಂದಿನ ತಾಣಗಳು ತೆರೆಯದಿದ್ದರೆ ಅದು ಸಂಪರ್ಕದ ದೋಷವಲ್ಲ. ಈಗ ಬಳಕೆಯಲ್ಲಿರುವ ಗುಪ್ತ ಸಂಕೇತದ ಪದ್ಧತಿ ಅದಕ್ಕೆ ಗೊತ್ತಿಲ್ಲ. ಎಷ್ಟು ತಿದ್ದಿದರೂ ಅದು ಬ್ಯಾಂಕಿನ ಕೆಲಸಕ್ಕೆ ತಕ್ಕದ್ದಲ್ಲ.

ಅಂಟುರೋಗದ ಮಾತು

2017ರ ಮೇ 12ರಂದು ವನ್ನಾಕ್ರೈ ಎಂಬ ಹಾನಿಕಾರಕ ತಂತ್ರಾಂಶ ಜಗತ್ತಿನಲ್ಲೆಲ್ಲ ಹರಡಿತು. ಅದು ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತಿತ್ತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು ತೊಂದರೆಗೆ ಸಿಕ್ಕಿದವು; ನಮ್ಮ ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರ್‌ಗಳಿಗೂ ತಗುಲಿತು. ಅದು ನುಗ್ಗಿದ್ದು ಎಸ್‌ಎಂಬಿ 1 ಎಂಬ ಹಳೆಯ ಕಡತ ಹಂಚಿಕೆ ವ್ಯವಸ್ಥೆಯ ದೋಷದ ಮೂಲಕ. ಅದಕ್ಕೆ ದುರಸ್ತಿ ಅದೇ ವರ್ಷದ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಸಿಕೊಂಡವರು ಉಳಿದರು, ಉದಾಸೀನ ಮಾಡಿದವರು ಕೆಟ್ಟರು. ಕಾಲುಬಾಯಿ ಲಸಿಕೆಯ ಕಥೆಯೂ ಇದೇ ಅಲ್ಲವೇ?

2017ರ ಕೊನೆಯಿಂದ ಬಂದ ವಿಂಡೋಸ್ 10ರ ಹೊಸ ಸ್ಥಾಪನೆಗಳಲ್ಲಿ ಎಸ್‌ಎಂಬಿ 1 ಸಾಮಾನ್ಯವಾಗಿ ಇರುವುದಿಲ್ಲ. ಹೊಸ ಕಂಪ್ಯೂಟರ್ ಹಳೆಯ ಎಕ್ಸ್‌ಪಿಯ ಕಡತ ತೆರೆಯದಿದ್ದರೆ, ಅದನ್ನು ಮತ್ತೆ ಹಚ್ಚಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಹಚ್ಚಬೇಡಿ. ಸೋಂಕಿನ ದನವನ್ನು ಬೇರೆ ಕಟ್ಟುವಂತೆ ಹಳೆಯ ಕಂಪ್ಯೂಟರನ್ನು ಇಂಟರ್‌ನೆಟ್‌ನಿಂದ ಬಿಡಿಸಿ, ಹಾಲು ಅಳೆಯುವ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ. ಲೆಕ್ಕವನ್ನು ಇದಕ್ಕೆಂದೇ ಮೀಸಲಿಟ್ಟ ಪೆನ್‌ಡ್ರೈವ್‌ನಲ್ಲಿ ಸಾಗಿಸಿ, ಹೊಸ ಕಂಪ್ಯೂಟರ್‌ನಲ್ಲಿ ವೈರಸ್ ಪರೀಕ್ಷೆ ಮಾಡಿ ತೆರೆಯಿರಿ. ಆ ಪೆನ್‌ಡ್ರೈವ್ ಮದುವೆ ಫೋಟೋ, ಸಿನಿಮಾ ಹಾಡಿಗೆ ಹೋಗಬಾರದು.

ನಿಧಾನವಾದರೆ

ಸಿ ಡ್ರೈವ್‌ನಲ್ಲಿ ಶೇಕಡಾ 15ರಷ್ಟಾದರೂ ಜಾಗ ಖಾಲಿ ಇರಲಿ. ಹಚ್ಚಿದೊಡನೆ ತಾನಾಗಿ ಏಳುವ ಬೇಡದ ತಂತ್ರಾಂಶಗಳನ್ನು ಎಂಎಸ್‌ಕಾನ್ಫಿಗ್ ಮೂಲಕ ನಿಲ್ಲಿಸಬಹುದು. ಎಕ್ಸ್‌ಪಿ ಅಥವಾ ವಿಂಡೋಸ್ 7 ಪೂರ್ಣ ಏಳದಿದ್ದರೆ, ಹಚ್ಚುವಾಗ ಎಫ್ 8 ಒತ್ತಿ ಸೇಫ್ ಮೋಡ್‌ನಲ್ಲಿ ತೆರೆದು, ಮೊದಲು ಲೆಕ್ಕದ ಪ್ರತಿ ತೆಗೆದುಕೊಳ್ಳಿ. ದುರಸ್ತಿ ಅನಂತರ. ಹಾರ್ಡ್ ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ ಮಾತ್ರ ಯಂತ್ರವನ್ನು ಆರಿಸಿ, ಬಲ್ಲವರಿಗೆ ತೋರಿಸಿ. ಭೂಮಿಗೆ ಇಳಿಸಿದ ಅರ್ಥಿಂಗ್ ತಂತಿ ಮತ್ತು ಯುಪಿಎಸ್ ಇಲ್ಲದ ಕಡೆ ಯಾವ ಉಪಚಾರವೂ ನಿಲ್ಲುವುದಿಲ್ಲ.

ಸದಸ್ಯರು ಮಾಡಬೇಕಾದ್ದು

ಇದೆಲ್ಲ ಕಾರ್ಯದರ್ಶಿಯ ಕೆಲಸ ಎಂದು ಸುಮ್ಮನಿರಬೇಡಿ. ಯಂತ್ರ ಕೆಟ್ಟ ಹೊತ್ತಿನಲ್ಲಿ ನಿಮ್ಮ ತೂಕ ಮತ್ತು ಜಿಡ್ಡನ್ನು ಪುಸ್ತಕದಲ್ಲಿ ಬರೆಸಿ, ಅಲ್ಲೇ ಸಹಿ ಅಥವಾ ಹೆಬ್ಬೆಟ್ಟು ಹಾಕಿ. ಅದನ್ನು ಆಮೇಲೆ ಕಂಪ್ಯೂಟರ್‌ಗೆ ಏರಿಸುವಾಗ ಒಬ್ಬರು ಓದಲಿ, ಇನ್ನೊಬ್ಬರು ಬೆರಳಚ್ಚಿಸಲಿ.

ಸಂಘದ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಲೆಕ್ಕದ ಪ್ರತಿಯನ್ನು ದಿನವೂ ತೆಗೆಯುತ್ತಿದ್ದೀರಾ? ಅದರಲ್ಲೊಂದು ಪ್ರತಿ ಸಂಘದ ಕಟ್ಟಡದ ಹೊರಗಿದೆಯೇ? ತಿಂಗಳಿಗೊಮ್ಮೆ ಅದನ್ನು ತೆರೆದು ನೋಡುತ್ತೀರಾ? ತೆರೆದು ನೋಡದ ಪ್ರತಿ, ಗರ್ಭ ಪರೀಕ್ಷೆ ಮಾಡಿಸದೆ ಗಬ್ಬವೆಂದು ನಂಬಿದ ಹಸುವಿನಂತೆ.

ಕೊನೆಗೊಂದು ಮಾತು. ವಯಸ್ಸಾದ ಹಸುವನ್ನು ಪ್ರೀತಿಯಿಂದ ಇಟ್ಟುಕೊಂಡರೂ ಕೊಟ್ಟಿಗೆಯಲ್ಲಿ ಕರು ಬೆಳೆಸುವುದನ್ನು ನಾವು ಬಿಡುವುದಿಲ್ಲ. ಹಳೆಯ ಯಂತ್ರವನ್ನು ಜೋಪಾನದಿಂದ ನಡೆಸಿ; ಜೊತೆಗೆ ಬರುವ ವಾರ್ಷಿಕ ಮಹಾಸಭೆಯ ಆಯವ್ಯಯದಲ್ಲಿ ಹೊಸದಕ್ಕೂ ಒಂದು ಬಾಬ್ತು ಇಡಿಸಿ. ಸಂಘ ನಿಮ್ಮದು, ಲೆಕ್ಕವೂ ನಿಮ್ಮದು.