ಅಂಕಿ ಓದುವ ಹಕ್ಕು, ಕಾಟಾ ತಿದ್ದುವ ಹಕ್ಕು
(ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹರೂಪ)



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದರೆ ಕಬ್ಬಿನ ಸೀಮೆ. ಸಕ್ಕರೆ ಕಾರ್ಖಾನೆಯ ತೂಕದ ಕಾಟಾವನ್ನು ನೀವೆಲ್ಲ ನೋಡಿದ್ದೀರಿ. ಕಬ್ಬಿನ ಗಾಡಿ ಕಾಟಾದ ಮೇಲೆ ನಿಂತಾಗ ಒಳಗೆ ಕುಳಿತ ಗುಮಾಸ್ತರಿಗೆ ತೂಕದ ಅಂಕಿ ಕಾಣುತ್ತದೆ. ಆದರೆ ಕಾಟಾದ ಒಳಗಿನ ಹೊಂದಾಣಿಕೆಯನ್ನು ಅವರು ಮುಟ್ಟುವಂತಿಲ್ಲ. ಅಲ್ಲಿ ತೂಕ-ಅಳತೆ ಇಲಾಖೆಯ ಮುದ್ರೆ ಇರುತ್ತದೆ. ಅಂಕಿ ಓದುವ ಹಕ್ಕು ಬೇರೆ, ಕಾಟಾ ತಿದ್ದುವ ಹಕ್ಕು ಬೇರೆ. ಈ ಭೇದ ಅಳಿಸಿಹೋದರೆ ವರ್ಷವಿಡೀ ಬೆವರು ಸುರಿಸಿದ ರೈತನಿಗೆ ನ್ಯಾಯ ಸಿಗುವುದಿಲ್ಲ. ಕಂಪ್ಯೂಟರಿನ ಒಳಗೂ ಇಂಥದೇ ಒಂದು ಮುದ್ರೆಯಿದೆ. ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನೆಟ್‌ವರ್ಕ್ ಕಾರ್ಡ್, ಗ್ರಾಫಿಕ್ಸ್ ಕಾರ್ಡ್, ಕ್ಯಾಮೆರಾ ಮುಂತಾದ ಬಹುತೇಕ ಸಾಧನಗಳಿಗೆ ಮೆಮೊರಿಯ ವಿಳಾಸಗಳಲ್ಲಿ ಒಂದಿಷ್ಟು ಜಾಗ ಮೀಸಲಾಗಿರುತ್ತದೆ. ಆ ಜಾಗದಲ್ಲಿ ಒಂದು ಅಂಕಿ ಬರೆದರೆ ಅದು ಬರಿಯ ಬರಹವಲ್ಲ, ಸಾಧನಕ್ಕೆ ಕೊಟ್ಟ ಆಜ್ಞೆ. ತಪ್ಪು ಬರೆದರೆ ಏನಾಗುತ್ತದೆ? 2008ರಲ್ಲಿ ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳನ್ನು ಬಳಸಿದವರ ಕೆಲವು ಇಂಟೆಲ್ ನೆಟ್‌ವರ್ಕ್ ಕಾರ್ಡುಗಳು ಕೆಟ್ಟು ನಿಂತವು. ಕರ್ನೆಲ್‌ನ ಒಂದು ಭಾಗವೇ ತಪ್ಪು ವಿಳಾಸಕ್ಕೆ ಬರೆದು, ಕಾರ್ಡಿನ ಶಾಶ್ವತ ಮೆಮೊರಿಯಲ್ಲಿದ್ದ ವಿವರಗಳನ್ನು ಕೆಡಿಸಿತ್ತು. ಕಂಪ್ಯೂಟರನ್ನು ಆರಿಸಿ ಹಚ್ಚಿದರೆ ಸರಿಹೋಗುವ ತೊಂದರೆ ಅದಾಗಿರಲಿಲ್ಲ. ಕರ್ನೆಲ್‌ನಿಂದಲೇ ಹೀಗಾಗುವುದಾದರೆ, ಎಲ್ಲಿಂದಲೋ ಬಂದ ಪ್ರೋಗ್ರಾಮಿನ ಕೈಗೆ ಈ ಜಾಗವನ್ನು ಕೊಡಬಹುದೇ?

ಆದ್ದರಿಂದಲೇ ಪ್ರೋಗ್ರಾಮುಗಳು ಬಳಸುವ ವಿಳಾಸಗಳು ನಿಜವಾದ ವಿಳಾಸಗಳಲ್ಲ. ಪ್ರೊಸೆಸರ್ ಪ್ರತಿಯೊಂದು ವಿಳಾಸವನ್ನೂ ‘ಪೇಜ್ ಟೇಬಲ್’ ಎಂಬ ಪಟ್ಟಿಯಲ್ಲಿ ನೋಡಿಯೇ ಮುಂದೆ ಬಿಡುತ್ತದೆ. ಆ ಪಟ್ಟಿ ಬರೆಯುವ ಅಧಿಕಾರ ಕರ್ನೆಲ್‌ಗೆ ಮಾತ್ರ. ಸಾಧನದಿಂದ ಕೆಲಸ ಬೇಕಾದವರು ಡ್ರೈವರನ್ನು ಕೇಳಬೇಕು. ಡ್ರೈವರ್ ತಾನೇ ಕೆಲಸ ಮಾಡಿಕೊಡಬಹುದು, ಇಲ್ಲವೇ ‘ಎಮ್‌ಮ್ಯಾಪ್’ ಮೂಲಕ ಬೇಕಾದಷ್ಟೇ ಜಾಗವನ್ನು ತೋರಿಸಿಕೊಡಬಹುದು.

ಆದರೆ ಲಿನಕ್ಸ್‌ನಲ್ಲಿ ‘ಡೆವ್-ಮೆಮ್’ ಎಂಬ ಹಳೆಯ ಹೆಬ್ಬಾಗಿಲೊಂದಿತ್ತು. ಅದನ್ನು ತೆರೆದ ರೂಟ್ ಬಳಕೆದಾರನಿಗೆ ಇಡೀ ಮೆಮೊರಿ ಕೈಗೆ ಸಿಗುತ್ತಿತ್ತು. ಪರದೆಯ ಮೇಲೆ ಚಿತ್ರ ಮೂಡಿಸುವ ಎಕ್ಸ್ ಸರ್ವರ್ ಇದೇ ದಾರಿಯಿಂದ ಗ್ರಾಫಿಕ್ಸ್ ಕಾರ್ಡನ್ನು ಮುಟ್ಟುತ್ತಿತ್ತು. ಆ ಬಾಗಿಲನ್ನು ಹಂತಹಂತವಾಗಿ ಕಿರಿದು ಮಾಡಲಾಯಿತು. 2008ರಲ್ಲಿ ಬಂದ ಒಂದು ಆಯ್ಕೆ, ಈ ಮಾರ್ಗವಾಗಿ ಸಾಮಾನ್ಯ ರ‍್ಯಾಮ್ ಮುಟ್ಟುವುದನ್ನು ತಡೆಯಿತು. 2016ರ ಆಯ್ಕೆ, ಡ್ರೈವರ್ ಬಳಸುತ್ತಿರುವ ಸಾಧನದ ಜಾಗಕ್ಕೂ ತಡೆ ಹಾಕಿತು. 2019ರ 5.4 ಆವೃತ್ತಿಯ ‘ಲಾಕ್‌ಡೌನ್’ ವ್ಯವಸ್ಥೆ ಜಾರಿಯಲ್ಲಿದ್ದರೆ ರೂಟ್‌ಗೂ ಪ್ರವೇಶವಿಲ್ಲ.

ಇದೆಲ್ಲ ದೊಡ್ಡ ಯಂತ್ರಗಳ ಮಾತು, ನಮಗೇಕೆ ಎನ್ನಬೇಡಿ. 2012ರ ಡಿಸೆಂಬರ್‌ನಲ್ಲಿ ಸ್ಯಾಮ್‌ಸಂಗ್‌ನ ಎಕ್ಸಿನೋಸ್ ಚಿಪ್ಪಿದ್ದ ಗ್ಯಾಲಕ್ಸಿ ಎಸ್-3, ನೋಟ್-2 ಮುಂತಾದ ಫೋನುಗಳಲ್ಲಿ ಒಂದು ದೋಷ ಬಯಲಾಯಿತು. ‘ಎಕ್ಸಿನೋಸ್-ಮೆಮ್’ ಎಂಬ ಬಾಗಿಲಿನ ಮೇಲೆ ಓದುವ, ಬರೆಯುವ ಅನುಮತಿ ಎಲ್ಲರಿಗೂ ಇತ್ತು. ಯಾವ ಆ್ಯಪ್ ಬೇಕಾದರೂ ಅಲ್ಲಿಂದ ನುಗ್ಗಿ ಫೋನಿನ ಯಜಮಾನನಾಗಬಹುದಿತ್ತು. ಆ ಅನುಮತಿ ಕಿತ್ತುಹಾಕಿದರೆ ಕೆಲವು ಫೋನುಗಳಲ್ಲಿ ಕ್ಯಾಮೆರಾವೇ ನಿಲ್ಲುತ್ತಿತ್ತು. ಎಂದರೆ ಒಂದು ಕೆಲಸದ ಅನುಕೂಲಕ್ಕೆಂದು ಇಡೀ ಮನೆಯ ಬಾಗಿಲು ತೆರೆದಂತಾಗಿತ್ತು. ಮುಂದೆ ಕಂಪನಿ ತಿದ್ದಿದ ತಂತ್ರಾಂಶ ಒದಗಿಸಿತು.

ವಿದ್ಯಾರ್ಥಿ ಮಿತ್ರರೇ, ನಾಳೆ ನೀವು ಕಾರ್ಖಾನೆಯ ಕಾಟಾಕ್ಕೋ ಆಸ್ಪತ್ರೆಯ ಯಂತ್ರಕ್ಕೋ ಡ್ರೈವರ್ ಬರೆಯಬಹುದು. ಕೆಲಸ ಬೇಗ ಮುಗಿಯಲೆಂದು ಎಲ್ಲರಿಗೂ ಅನುಮತಿ ಕೊಟ್ಟುಬಿಡುವ ಆಸೆಯಾಗುತ್ತದೆ. ಆಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಯಾರಿಗೆ ಬೇಕು? ಎಷ್ಟು ಜಾಗ ಬೇಕು? ಓದಲು ಮಾತ್ರವೋ, ಬರೆಯಲೂ ಬೇಕೋ? ಬಳಕೆದಾರ ಕೇಳಿದ ಜಾಗದ ಆರಂಭ ಮತ್ತು ಅಳತೆ ಎರಡನ್ನೂ ಪರೀಕ್ಷಿಸದೆ ಮುಂದೆ ಬಿಡಬೇಡಿ. ಲಿನಕ್ಸ್‌ನ ಮೂಲ ಸಂಕೇತ ಎಲ್ಲರಿಗೂ ಉಚಿತ. ‘ಮೆಮ್.ಸಿ’ ಎಂಬ ಕಡತ ದೊಡ್ಡದೇನಲ್ಲ. ಊರಲ್ಲೇ ಕುಳಿತು ಓದಿ. ಪ್ರಯೋಗ ಮಾಡುವುದಿದ್ದರೆ ವರ್ಚುವಲ್ ಮಷೀನ್‌ನಲ್ಲಿ ಮಾಡಿ, ಕಾಲೇಜಿನ ಸರ್ವರ್ ಮೇಲೆ ಬೇಡ.

ಕಾಟಾದ ಮುದ್ರೆ ಗುಮಾಸ್ತರ ಮೇಲಿನ ಅಪನಂಬಿಕೆಯಿಂದ ಹಾಕಿದ್ದಲ್ಲ. ಕಬ್ಬು ತಂದ ರೈತನೂ ಕೊಂಡ ಕಾರ್ಖಾನೆಯೂ ಅಂಕಿಯನ್ನು ನಂಬಬೇಕೆಂದು ಹಾಕಿದ್ದು. ನೀವು ಬರೆಯುವ ಡ್ರೈವರ್ ಕೂಡ ಅಂಥ ಮುದ್ರೆಯಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.